ಅಣ್ಣನವರ ನಡಿಗೆ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ತೌಡಿನ ಧೂಳಿನ ನಡುವೆ ದುಡಿದ ನಮ್ಮ ಅಣ್ಣನವರಿಗೆ ಬೀಡಿಯ ಚಟವೂ ಇದ್ದಿತು. ಶ್ವಾಸಕೋಶದ ದೀರ್ಘವ್ಯಾಧಿ ಅಂಟಿದ ಮೇಲೆ ಬೀಡಿಯನ್ನು ಬಿಟ್ಟರು. ಮಂಚ ಬಿಡದಂತೆ ಮಾಡಿದವರು ನಾವು. “ಏಳಬ್ಯಾಡ್ರಿ ಅಣ್ಣಾ, ಉಸಿರು ಕಟ್ಟೀತು” ಎಂದು ನೀರಿನ ತಂಬಿಗೆಯನ್ನೂ ಕೈಗಿತ್ತು, ಅದನ್ನೇ ಸೇವೆಯೆಂದು ಬಗೆದಿದ್ದೆವು. ಎರಡು ವರ್ಷಗಳಲ್ಲಿ ಅವರ ಕಾಲು ಸೊರಗಿ, ಅಂಗಳ ದಾಟುವುದೂ ದುಸ್ತರವಾಯಿತು.

ಬಳ್ಳಾರಿಯ ವೈದ್ಯರೊಬ್ಬರು ಅವರನ್ನು ಮೊಗಸಾಲೆಯಲ್ಲಿ 6 ನಿಮಿಷ ನಡೆಸಿ, ಬೆರಳಿಗೆ ಸಿಕ್ಕಿಸಿದ ಯಂತ್ರ ನೋಡಿ, ನಮ್ಮತ್ತ ತಿರುಗಿದರು. ಕೆಟ್ಟ ಶ್ವಾಸಕೋಶವನ್ನು ನಡಿಗೆ ಸರಿಪಡಿಸದು. ಆದರೆ ಕಸುವುಳ್ಳ ಕಾಲು ಅಷ್ಟೇ ದಾರಿಗೆ ಕಡಿಮೆ ಉಸಿರು ಬೇಡುತ್ತದೆ, ಸೊರಗಿದ ಕಾಲು ಹೆಚ್ಚು ಬೇಡುತ್ತದೆ ಎಂದರು. ನಾಚಿದೆವು. ಮೂಗಿನಿಂದ ಎಳೆದು, ಸಿಳ್ಳೆ ಹಾಕುವವರಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡುವುದನ್ನು ಕಲಿಸಿದರು. ಮಾತನಾಡಲು ಬರುವಷ್ಟು ಏದುಸಿರಿಗೆ ಅಂಜಬೇಕಿಲ್ಲ. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಬೇಕು.

ನಮ್ಮ ಸೀಮೆಯ ಬಿಸಿಲಿನಲ್ಲಿ ನಸುಕಲ್ಲದೆ ಬೇರೆ ಹೊತ್ತು ಎಲ್ಲಿಯದು? ಇನ್‌ಹೇಲರ್ ಎಳೆದು ಕಾಲು ಗಂಟೆ ಬಿಟ್ಟು ಹೊರಡುತ್ತಿದ್ದರು. ಮೊದಲ ದಿನ ನೂರು ಹೆಜ್ಜೆ, ನಡುವೆ ಎರಡು ಜಗಲಿ.

ಎಂಟು ವಾರಗಳ ತರುವಾಯ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋದೆವು. ಗುಡಿಯ ದಾರಿಯಲ್ಲಿ ಅಣ್ಣನವರು ಮೂರು ಸಲ ನಿಂತರು. ನಾವು ತೋಳು ನೀಡಹೋದಾಗ, “ಬಿಡಪ್ಪಾ, ನಾನೇ ನಡೀತೀನಿ” ಎಂದರು.