ಅಳತೆ ಪುಸ್ತಕದಲ್ಲಿ ನೀರಿಲ್ಲ

ಮುಂಬೈ, ಪುಣೆಗಳಲ್ಲಿ ಅವರನ್ನು ಕಂತ್ರಾಟದಾರ ಎನ್ನುತ್ತಾರೆ. ಹೈದರಾಬಾದಿನ ತೆಲುಗು ಪತ್ರಿಕೆಗಳಲ್ಲಿ ಗುತ್ತೇದಾರು, ದೆಹಲಿಯಲ್ಲಿ ಠೇಕೇದಾರ. ಕರಾವಳಿಯ ಕನ್ನಡದಲ್ಲಿ ಕಂತ್ರಾಟುದಾರ, ಉಳಿದ ಕರ್ನಾಟಕದ ಬರವಣಿಗೆಯಲ್ಲಿ ಗುತ್ತಿಗೆದಾರ, ಮಾತಿನಲ್ಲಿ ಎಲ್ಲ ಕಡೆಯೂ ಕಂಟ್ರಾಕ್ಟರು. ಚೆನ್ನೈಗೆ ಹೋದರೆ ಇದೇ ಬೇರಿನ ‘ಕುತ್ತಗೈ’ ಎಂಬ ಪದಕ್ಕೆ ಜಮೀನನ್ನು ಗೇಣಿಗೆ ಕೊಡುವುದು ಎಂದು ಅರ್ಥ. ಕನ್ನಡದ ಗುತ್ತಿಗೆ ಈ ಎರಡು ಅರ್ಥಗಳನ್ನೂ ಇಟ್ಟುಕೊಂಡಿದೆ. ಹೊಲವನ್ನು ವರ್ಷಕ್ಕೆ ಇಷ್ಟು ಎಂದು ಮಾತಾಡಿ ಕೊಡುವುದೂ ಗುತ್ತಿಗೆ, ಊರಿಗೆ ಓವರ್‌ಹೆಡ್ ಟ್ಯಾಂಕ್ ಕಟ್ಟಿಸುವುದೂ ಗುತ್ತಿಗೆ.

ಆದರೆ ಎರಡಕ್ಕೂ ಒಂದು ವ್ಯತ್ಯಾಸವಿದೆ. ಹೊಲದ ಗುತ್ತಿಗೆ ಹಿಡಿದವನು ಬೆಳೆ ಕೈಗೆ ಬರುವವರೆಗೆ ಹೊಲ ಬಿಟ್ಟು ಕದಲುವುದಿಲ್ಲ. ಟ್ಯಾಂಕಿನ ಗುತ್ತಿಗೆ ಹಿಡಿದವನು ಬಿಲ್ಲು ಪಾಸಾದ ಮೇಲೆ ಊರಿನಲ್ಲಿ ಉಳಿಯುವುದಿಲ್ಲ.

ರಜೆಗೆ ಊರಿಗೆ ಹೋದವರು ಈಚಿನ ವರ್ಷಗಳಲ್ಲಿ ನೋಡಿರುವ ಒಂದು ದೃಶ್ಯ: ಮನೆಯ ಮುಂದೆ ಮೊಣಕಾಲೆತ್ತರದ ಸಿಮೆಂಟಿನ ಪುಟ್ಟ ಕಂಬ, ಅದರಲ್ಲೊಂದು ನಲ್ಲಿ. ಕೆಲವು ಊರುಗಳಲ್ಲಿ ಅದರಿಂದ ನೀರು ಬರುತ್ತದೆ. ಕೆಲವು ಕಡೆ ಕಂಬಕ್ಕೆ ಎಮ್ಮೆ ಕಟ್ಟಿರುತ್ತಾರೆ. “ಯಾವಾಗ ಹಾಕಿದ್ದು?” ಎಂದು ಕೇಳಿದರೆ, “ಹಾಕಿ ಎರಡು ವರ್ಷ ಆಯ್ತು, ನೀರು ಇನ್ನೂ ಬಂದಿಲ್ಲ” ಎನ್ನುತ್ತಾರೆ. ಯಾರೋ ದುಡ್ಡು ಹೊಡೆದಿದ್ದಾರೆ ಎಂಬುದು ತಕ್ಷಣ ಹೊಳೆಯುವ ಕಾರಣ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಒಂದು ಪೈಸೆ ಆಚೀಚೆ ಆಗದೆಯೂ, ಕಾಗದವೆಲ್ಲ ಸರಿಯಾಗಿದ್ದೂ, ಆ ನಲ್ಲಿ ಒಣಗಿಯೇ ಇರಬಹುದು. ಅದು ಹೇಗೆ ಎಂದು ತಿಳಿಯಲು ಟೆಂಡರಿನೊಳಗೆ ಇಣುಕಬೇಕು.

ಸರ್ಕಾರಿ ಕಾಮಗಾರಿಯ ಹಳೆಯ ಪದ್ಧತಿ ಬಾಬುವಾರು ದರದ್ದು. ಎಂಜಿನಿಯರು ಎಸ್ಟಿಮೇಟ್ ಮಾಡುತ್ತಾರೆ: ಇಷ್ಟು ಘನ ಮೀಟರ್ ಅಗೆತ, ಇಷ್ಟು ಮೀಟರ್ ಪೈಪು, ಇಷ್ಟು ವಾಲ್ವು. ಒಂದೊಂದಕ್ಕೂ ಇಲಾಖೆಯ ದರಪಟ್ಟಿ ಇದೆ. ಕರ್ನಾಟಕದಲ್ಲಿ ಟೆಂಡರ್ ಕರೆಯುವ ರೀತಿಯನ್ನು 1999ರ ಪಾರದರ್ಶಕತೆ ಕಾಯ್ದೆ ನಿಗದಿ ಮಾಡಿದೆ. ಅರ್ಹತೆ ಪಡೆದವರಲ್ಲಿ ಎಲ್ಲರಿಗಿಂತ ಕಡಿಮೆ ಹೇಳಿದವರು ‘ಎಲ್-1’. ಕೆಲಸ ಸಾಮಾನ್ಯವಾಗಿ ಅವರಿಗೆ. ಕಾಮಗಾರಿ ನಡೆಯುತ್ತಾ ಹೋದಂತೆ ಜೂನಿಯರ್ ಎಂಜಿನಿಯರು ಬಂದು ಟೇಪು ಹಿಡಿದು ಅಳೆದು ‘ಎಂ.ಬಿ.’ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆಯುತ್ತಾರೆ. ಅದರ ಆಧಾರದ ಮೇಲೆ ಬಿಲ್ಲು. ಆ ಪುಸ್ತಕದಲ್ಲಿ ಮಣ್ಣಿಗೆ, ಪೈಪಿಗೆ, ಕಾಂಕ್ರೀಟಿಗೆ ಕಾಲಮ್ಮು ಇದೆ. ಬೆಳಿಗ್ಗೆ ಆರಕ್ಕೆ ಕೊನೆಯ ಮನೆಯ ಬಿಂದಿಗೆ ತುಂಬಿತೇ ಎಂಬುದಕ್ಕೆ ಕಾಲಮ್ಮು ಇಲ್ಲ.

ಹಾಗೆಂದು ಅಳತೆ ಪುಸ್ತಕವನ್ನು ಹೀಗಳೆಯುವಂತಿಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ಯಾರೋ ತಮ್ಮವರಿಗೆ ಕೆಲಸ ಕೊಟ್ಟು ಕೈತೊಳೆದುಕೊಳ್ಳಬಾರದೆಂದೇ ಇಷ್ಟೆಲ್ಲ ಏರ್ಪಾಡು. ತೊಡಕು ಬೇರೆ ಕಡೆ ಇದೆ. ಅಳೆದದ್ದಕ್ಕೆ ಹಣ ಸಿಗುವುದಾದರೆ, ಕಟ್ಟುವವರ ಗಮನ ಅಳೆಯುವುದರ ಮೇಲೆಯೇ ಇರುತ್ತದೆ. ಕೊಳವೆಬಾವಿ ಬತ್ತಿದರೆ ಪೈಪಿನ ಉದ್ದ ಕಡಿಮೆಯಾಗುವುದಿಲ್ಲ.

ಕನ್ನಡ ನಾಡಿನಲ್ಲಿ ಇದಕ್ಕೆ ತಿರುಗುಮುರುಗಾದ ಪದ್ಧತಿಯೊಂದು ಶತಮಾನಗಳ ಕಾಲ ನಡೆದಿತ್ತು. ಶಾಸನಗಳಲ್ಲಿ ಅದರ ಹೆಸರು ಕಟ್ಟುಗೊಡಗೆ. ಕೆರೆ ಕಟ್ಟಿಸಿದವರಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿಸಿದವರಿಗೆ, ಆ ಕೆರೆಯ ಕೆಳಗೇ ಜಮೀನು ಕೊಡಗೆಯಾಗಿ ಬಿಡುತ್ತಿದ್ದರು. ಇದರದೇ ಬಳಗದ ಇನ್ನೆರಡು ಪದಗಳು ಬಿತ್ತುವಟ್ಟ ಮತ್ತು ದಶವಂದ. ಕೆರೆ ಕೆಳಗಿನ ಗದ್ದೆಯ ಇಂತಿಷ್ಟು ಪಾಲನ್ನು ಕೆರೆಗಾಗಿ ತೆಗೆದಿಡುವುದು ಬಿತ್ತುವಟ್ಟ. ಹತ್ತರಲ್ಲೊಂದು ಪಾಲಿನ ಲೆಕ್ಕ ದಶವಂದದ್ದು. ವಿವರಗಳು ಕಾಲಕ್ಕೆ, ಸೀಮೆಗೆ ತಕ್ಕಂತೆ ಬದಲಾಗುತ್ತವೆ. ಒಳಗಿನ ಲೆಕ್ಕ ಮಾತ್ರ ಒಂದೇ: ಕಟ್ಟಿದವನ ಕೂಲಿ ನೀರಿನಲ್ಲೇ ಇದೆ. ಏರಿ ಸೋರಿದರೆ, ತೂಬು ಕಟ್ಟಿಕೊಂಡರೆ, ಮೊದಲು ಒಣಗುವ ಗದ್ದೆಗಳಲ್ಲಿ ಅವನದೂ ಒಂದು. ಬಿಲ್ಲು ಪಾಸು ಮಾಡುವ ಕೆಲಸ ಪ್ರತಿವರ್ಷದ ಬೆಳೆಯದು.

ಕೆರೆ ಕಟ್ಟುವ ಮೊದಲು ನೋಡಬೇಕಾದ್ದೇನು ಎಂಬುದಕ್ಕೂ ಒಂದು ಶಾಸನ ಉಳಿದಿದೆ. ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ವಿಜಯನಗರದ ಒಂದನೇ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಅದು ಪಟ್ಟಿ ಮಾಡುತ್ತದೆ. ಧರ್ಮವಂತನಾದ ದೊರೆ, ನೀರಿನ ಶಾಸ್ತ್ರ ಬಲ್ಲವನು, ಗಟ್ಟಿ ಮಣ್ಣು, ಸಿಹಿನೀರಿನ ಹೊಳೆ, ಹತ್ತಿರದಲ್ಲಿ ಕಲ್ಲುಗಣಿ, ಕೊನೆಗೆ ಕಟ್ಟುವ ಕೆಲಸದಲ್ಲಿ ನುರಿತ ಜನ. ಆಮೇಲೆ ಆರು ದೋಷಗಳು. ಏರಿಯಲ್ಲಿ ಸೋರಿಕೆ, ಚೌಳು ಮಣ್ಣು, ಅಂಗಳದ ನಡುವೆ ಎತ್ತರದ ದಿಬ್ಬ, ನೀರು ಕಡಿಮೆ ಗದ್ದೆ ಹೆಚ್ಚು, ಗದ್ದೆ ಕಡಿಮೆ ನೀರು ಹೆಚ್ಚು. ಇನ್ನೊಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಕಾವೇರಿ, ಕೃಷ್ಣಾ, ಮಹದಾಯಿಗಳ ಸುದ್ದಿಯನ್ನು ಬೇರೆ ರಾಜ್ಯದಲ್ಲಿ ಕುಳಿತು ಓದುವ ಕನ್ನಡಿಗರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂದು ಆ ಕೆರೆಯ ಲೆಕ್ಕವೂ ಅಲ್ಲಿದೆ.

ಆದರೆ ಆ ಸಾವಿರ ಆಳುಗಳ ಹೆಸರು ಕಲ್ಲಿನ ಮೇಲಿಲ್ಲ. ಹಳೆಯ ಪದ್ಧತಿಯನ್ನು ಹೊಗಳುವವರು ಇಲ್ಲಿ ನಿಲ್ಲಬೇಕು. ಮಣ್ಣು ಹೊತ್ತವರು, ಕಲ್ಲು ಒಡೆದವರು ಒಡ್ಡರೇ ಮೊದಲಾದ ದುಡಿಯುವ ಜನ. ಕೊಡಗೆಯ ಗದ್ದೆ ಸಿಕ್ಕಿದ್ದು ಮೊದಲೇ ಬಂಡವಾಳ, ಅಧಿಕಾರ ಇದ್ದವರಿಗೆ. ಗೌಡ, ನಾಯಕ, ಮಹಾಜನರ ನಡುವೆ ಮಾತಾದ ಕರಾರಿನಲ್ಲಿ ಕೆರೆಯ ನೀರು ಮುಟ್ಟುವ ಹಕ್ಕೇ ಇಲ್ಲದವರ ಮಾತು ಕೇಳುವವರಿರಲಿಲ್ಲ. ಇವತ್ತಿನ ಟೆಂಡರಿನ ಪ್ರತಿಯನ್ನು ಯಾವ ಕೇರಿಯವರಾದರೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಇದು ಸಣ್ಣ ಗಳಿಕೆಯಲ್ಲ.

ಮೈಸೂರು ಸಂಸ್ಥಾನದಲ್ಲಿ 1856ರಲ್ಲಿ ಲೋಕೋಪಯೋಗಿ ಇಲಾಖೆ ಆರಂಭವಾಯಿತು. ಕೆರೆಯ ಕೆಲಸ ಮೆಲ್ಲಮೆಲ್ಲಗೆ ಊರಿನ ಕರಾರಿನಿಂದ ಇಲಾಖೆಯ ಎಸ್ಟಿಮೇಟಿಗೆ ಬಂತು. ಬರುವಾಗ ಪಾರದರ್ಶಕತೆಯ ಬೀಜ ಬಂತು. ಕಟ್ಟುವವನಿಗೂ ನೀರಿಗೂ ಇದ್ದ ನಂಟು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ಆ ನಂಟನ್ನು ಮತ್ತೆ ಕರಾರಿನೊಳಗೆ ಬರೆಯುವ ಪ್ರಯತ್ನಗಳು ಕಳೆದ ಎರಡು ದಶಕಗಳಲ್ಲಿ ನಡೆದಿವೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಐದು ಪ್ರಾಯೋಗಿಕ ವಲಯಗಳನ್ನು ಆರಿಸಿಕೊಂಡು, ಫ್ರಾನ್ಸಿನ ವಿಯೋಲಿಯಾ ಕಂಪನಿಗೆ ಕೆಲಸ ಕೊಟ್ಟರು. ಪೈಪು ಹಾಕಿ ಹೋಗುವುದಷ್ಟೇ ಅಲ್ಲ, ನಡೆಸಿಯೂ ತೋರಿಸಬೇಕು. ಸಂಭಾವನೆಯ ಒಂದು ಭಾಗ ಫಲಿತಾಂಶಕ್ಕೆ ಕಟ್ಟಿದ್ದು. 2008ರ ಹೊತ್ತಿಗೆ ಆ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಬಂತು. ಹಲವು ದಿನಕ್ಕೊಮ್ಮೆ ನೀರು ಬಿಡುವ ದಿನ ಮನೆಯ ಡ್ರಮ್ಮು, ಹಂಡೆ, ಪಾತೆಲೆಗಳನ್ನೆಲ್ಲ ತುಂಬಿಟ್ಟುಕೊಳ್ಳುತ್ತಿದ್ದ ಊರಿನಲ್ಲಿ ಇದು ಪವಾಡದಂತೆಯೇ ಕಂಡಿತು. ನೀರನ್ನು ಖಾಸಗಿಯವರ ಕೈಗೆ ಕೊಡುವುದೇ, ಮೀಟರು ಬಂದರೆ ಬಡವರು ಬಿಲ್ಲು ಎಲ್ಲಿಂದ ಕಟ್ಟಬೇಕು ಎಂಬ ವಿರೋಧವೂ ಜೊತೆಗೇ ಎದ್ದಿತು. ಉಳಿದ ಬಡಾವಣೆಗಳು ವರ್ಷಗಟ್ಟಲೆ ಡ್ರಮ್ಮಿನ ಲೆಕ್ಕದಲ್ಲೇ ಉಳಿದವು.

ಗಂಗಾ ಶುದ್ಧೀಕರಣದಲ್ಲಿ ಇನ್ನೊಂದು ದಾರಿ ಹಿಡಿದರು. 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಹೈಬ್ರಿಡ್ ಆನ್ಯುಯಿಟಿ ಪದ್ಧತಿಯಲ್ಲಿ, ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ ತಗಲುವ ವೆಚ್ಚದ ಶೇ. 40ರಷ್ಟು ಕಟ್ಟುವಾಗ ಸಿಗುತ್ತದೆ. ಉಳಿದ ಶೇ. 60 ಮುಂದಿನ 15 ವರ್ಷಗಳಲ್ಲಿ ಕಂತುಕಂತಾಗಿ, ಘಟಕ ಸರಿಯಾಗಿ ನಡೆದರೆ. ದೂರದಿಂದ ನೋಡಿದರೆ ಕಟ್ಟುಗೊಡಗೆಯ ಮೊಮ್ಮಗನಂತೆ ಕಾಣುತ್ತದೆ. ಆದರೆ 15 ವರ್ಷ ಕಾಯಲು ಬ್ಯಾಂಕಿನ ಸಾಲ ಬೇಕು, ದೊಡ್ಡ ಕಂಪನಿಯೇ ಬೇಕು. ತಾಲ್ಲೂಕಿನ ಸಣ್ಣ ಗುತ್ತಿಗೆದಾರ, ಆರು ತಿಂಗಳ ಬಿಲ್ಲು ಬಾಕಿಯಾದರೇ ಕೂಲಿಯವರಿಗೆ ಮುಖ ತೋರಿಸಲಾಗದವನು, ಇಂಥ ಕರಾರಿನ ಹತ್ತಿರವೂ ಸುಳಿಯಲಾರ. ಹಳೆಯ ಕಾಲದಂತೆ ಇಲ್ಲೂ ಕಾಯುವ ಶಕ್ತಿ ಇದ್ದವರಿಗೇ ಕೊಡಗೆ.

ಹಾಗಾದರೆ ಮನೆಮುಂದಿನ ಒಣ ನಲ್ಲಿಯ ಕಥೆ? 2019ರಲ್ಲಿ ಶುರುವಾದ ಜಲಜೀವನ್ ಮಿಷನ್, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’, ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿದೆ. ಹೆಚ್ಚಿನ ಗ್ರಾಮಗಳಲ್ಲಿ ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಶೇ. 10 ಸಮುದಾಯದ ವಂತಿಗೆ. ಗುಡ್ಡಗಾಡಿನಲ್ಲಿ, ಪರಿಶಿಷ್ಟ ಜಾತಿ ಪಂಗಡದವರು ಹೆಚ್ಚಿರುವ ಊರುಗಳಲ್ಲಿ ಶೇ. 5. ಯಾರೂ ಆ ಹೆಸರಿಟ್ಟು ಕರೆಯದಿದ್ದರೂ ಹತ್ತರಲ್ಲೊಂದು ಎಂಬ ದಶವಂದದ ಲೆಕ್ಕ ಮರಳಿ ಬಂದಂತೆಯೇ ಇದೆ. ದಿಕ್ಕು ಮಾತ್ರ ಬದಲಾಗಿದೆ. ಅಂದು ಹತ್ತರ ಪಾಲು ಕೆರೆಯನ್ನು ಕಟ್ಟಿ ಕಾದವನ ಜೊತೆ ಮಾಡಿಕೊಂಡ ಲೆಕ್ಕ. ಇಂದು ನೀರು ಬರುವ ಮೊದಲೇ ಊರಿನವರು ಕೊಡಬೇಕಾದ ವಂತಿಗೆ. ವಂತಿಗೆ ಕೊಟ್ಟವರಿಗೆ ಕೇಳುವ ಹಕ್ಕು ಬರುತ್ತದೆಂಬುದು ಯೋಜನೆಯ ಆಶಯ. ಕೊನೆಯ ಮನೆಗೆ ನೀರು ಬಂತೆಂದು ಊರಿನ ನೀರು ಸಮಿತಿ ಸಹಿ ಹಾಕಿದ ಮೇಲೆಯೇ ಗುತ್ತಿಗೆದಾರನ ಕೊನೆಯ ಕಂತು ಎಂಬ ಒಂದು ಸಾಲು ಕರಾರಿನಲ್ಲಿದ್ದರೆ, ಆ ಹಕ್ಕಿಗೆ ಹಲ್ಲು ಬರುತ್ತದೆ.

ಆ ಸಾಲನ್ನು ಬರೆಯುವಾಗ ಇನ್ನೊಬ್ಬರನ್ನು ಮರೆಯಬಾರದು. ಕೆರೆಯ ತೂಬು ಎತ್ತಿ, ಸರದಿ ನೋಡಿ, ಒಂದೊಂದು ಗದ್ದೆಗೂ ನೀರು ಹಾಯಿಸುತ್ತಿದ್ದ ನೀರುಗಂಟಿಗೂ ಹಿಂದೆ ಕೆರೆಯ ಕೆಳಗೆ ಪಾಲಿತ್ತು. ಅವನ ಹೆಸರು ಇನ್ನೂ ಸತ್ತಿಲ್ಲ. ಗ್ರಾಮ ಪಂಚಾಯಿತಿಯ ವಾಟರ್‌ಮ್ಯಾನನ್ನು ಇವತ್ತಿಗೂ ನೀರುಗಂಟಿ ಎಂದೇ ಕರೆಯುತ್ತಾರೆ. ಬೆಳಗಿನ ಜಾವ ಕರೆಂಟು ಬಂತೇ ನೋಡಿ, ಮೋಟರು ಹಾಕಿ, ಸೈಕಲ್ ಹತ್ತಿ ಒಂದೊಂದು ಕೇರಿಯ ವಾಲ್ವು ತಿರುಗಿಸುವವನು ಅವನು. ಯಾವ ಪೈಪು ಎಲ್ಲಿ ಸೋರುತ್ತದೆ, ಯಾವ ಮನೆಗೆ ನೀರು ಏರುವುದಿಲ್ಲ ಎಂಬುದು ಅವನಿಗೆ ಗೊತ್ತು. ಅಳತೆ ಪುಸ್ತಕ ಬರೆಯುವ ದಿನ ಅವನನ್ನೂ ಒಮ್ಮೆ ಕರೆದು ಕೇಳಬಹುದಲ್ಲ?