ಕೂಲಿಯಿಲ್ಲದ ಡಂಗುರ

ನಮ್ಮ ಬಾಲ್ಯದಲ್ಲಿ ಊರಿಗೆ ಸುದ್ದಿ ಬರುತ್ತಿದ್ದುದು ಡಂಗುರದಿಂದ. ಸಾರುವವನಿಗೆ ಕೂಲಿಯಿತ್ತು, ಸಾರಿದ ಮಾತಿಗೆ ಹೊಣೆಗಾರರಿದ್ದರು. ಇಂದು ಆ ಡಂಗುರ ಮೊಬೈಲಾಗಿ ನಮ್ಮೆಲ್ಲರ ಜೇಬಿನಲ್ಲಿದೆ.

2025ರ ಜೂನ್ 3ರ ರಾತ್ರಿ ಬೆಂಗಳೂರಿನ ತಂಡವು ಐ.ಪಿ.ಎಲ್. ಕ್ರಿಕೆಟ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದಿತು. ಮರುದಿನ ವಿಜಯೋತ್ಸವದ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ನಾನೂ ಅಂಥದೊಂದು ವಿಡಿಯೋವನ್ನು ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗನಿಗೆ ಕಳುಹಿಸಿ, "ಹೋಗಿ ನೋಡಿ ಬಾ" ಎಂದು ಬರೆದೆ. ಅಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಅಸುನೀಗಿದರು. ಮೊಮ್ಮಗನ ಫೋನು ರಾತ್ರಿಯವರೆಗೂ ಸಿಗಲಿಲ್ಲ. ಕೊನೆಗೆ, "ಅಜ್ಜಾ, ಪರೀಕ್ಷೆಯಿತ್ತು, ನಾನು ಹೋಗಲಿಲ್ಲ" ಎಂಬ ದನಿ ಕೇಳಿತು. ನೆಮ್ಮದಿಯ ಬೆನ್ನಿಗೇ ನಾಚಿಕೆಯೂ ಬಂದಿತು.

ಆ ವಿಡಿಯೋವನ್ನು ಮತ್ತೆ ನೋಡಿದೆ. ಕೊನೆಯಲ್ಲೊಂದು ತಂಪು ಪಾನೀಯದ ಜಾಹೀರಾತಿತ್ತು! ದೊಡ್ಡ ಪಂದ್ಯವೆಂದರೆ ಕೋಟಿ ಕಣ್ಣುಗಳು ನೆರೆಯುವ ಸಂತೆ. ಆ ಕಣ್ಣುಗಳೇ ಅಲ್ಲಿಯ ಸರಕು. 2013ರಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ ದೀಪಗಳಾರಿ ಆಟ 34 ನಿಮಿಷ ನಿಂತಿತು. ಕತ್ತಲಲ್ಲಿಯೂ ಬಿಸ್ಕತ್ತನ್ನು ಅದ್ದಿ ತಿನ್ನಬಹುದೆಂದು ಓರಿಯೋದವರು ಆ ಕ್ಷಣವೇ ಟ್ವಿಟ್ಟರಿನಲ್ಲಿ ಸಾರಿದರು. ಸಾವಿರಾರು ಜನ ಅದನ್ನು ಪುಕ್ಕಟೆಯಾಗಿ ಹಂಚಿದರು. ಅದು ನಿರುಪದ್ರವಿ ವಿನೋದ. ಆದರೆ ಹಂಚುವ ಬೆರಳಿಗೆ ವಿನೋದವೂ ವಿಪತ್ತೂ ಒಂದೇ.

ಬಂಧುಗಳೇ, ಕಳುಹಿಸುವ ಮುನ್ನ ಬೆರಳನ್ನು ಅರೆಗಳಿಗೆ ತಡೆಯೋಣ. ಇದು ಯಾರ ಡಂಗುರ, ಇದನ್ನು ಕೇಳಿ ಹೊರಡುವವರು ಯಾರ ಮಕ್ಕಳು ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.