ಸೋಡಿಯ ಗುಳಿಗೆ

ಸೋಡಿ ಎಂಬ ಎರಡಕ್ಷರಕ್ಕೆ ಎಂತಹ ಆಕರ್ಷಣೆಯುಂಟೆಂಬುದನ್ನು, ಆಷಾಢಮಾಸದಲ್ಲಿ ಸೀರೆಯಂಗಡಿಗಳ ಮುಂದೆ ನೆರೆಯುವ ಸಂದಣಿಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಬೇಡದ ಸೀರೆಯನ್ನು ಅಗ್ಗಕ್ಕೆ ಕೊಂಡರೆ ಆಗುವ ನಷ್ಟ ಅಷ್ಟಕ್ಕಷ್ಟೆ. ಪೆಟ್ಟಿಗೆಯ ತಳದಲ್ಲಿ ಅದು ತನ್ನ ಪಾಡಿಗೆ ತಾನು ಮಲಗಿರುತ್ತದೆ. ಗುಳಿಗೆಯ ಮಾತು ಬೇರೆ. ದುಡ್ಡು ಕೊಟ್ಟು ತಂದದ್ದು ವ್ಯರ್ಥವಾಗಬಾರದೆಂದು ಅದನ್ನು ನುಂಗಿಯೇ ತೀರಬೇಕಲ್ಲ!

ನನ್ನ ಭಾವನವರು ಹೊಸಕೋಟೆಯ ಬಳಿಯ ಪಿಲ್ಲಗುಂಪೆಯವರು. ಅಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಸಕ್ಕರೆ ಕಾಯಿಲೆಗಾಗಿ ಹನ್ನೆರಡು ವರ್ಷಗಳಿಂದ ಮೆಟ್‌ಫಾರ್ಮಿನ್ ಗುಳಿಗೆ ಸೇವಿಸುತ್ತಿದ್ದಾರೆ. ಈಚೆಗೆ ಅವರಿಗೆ ಆಯಾಸ, ಅಂಗಾಲಿನಲ್ಲಿ ಜೋಮು. ವೈದ್ಯರ ಬಳಿ ಹೋದರೆ ಪರೀಕ್ಷೆಗಳಿಗೆ ಬರೆದುಕೊಡುತ್ತಾರೆಂಬ ಭಯ. ಅಂಗೈಯಲ್ಲಿನ ಮೊಬೈಲಿನಲ್ಲಾದರೋ ದಿನಬೆಳಗಾದರೆ 'ಎರಡು ಕೊಂಡರೆ ಒಂದು ಉಚಿತ'! ಹೊಸಕೋಟೆಯ ಸುತ್ತ ದೊಡ್ಡ ದೊಡ್ಡ ಉಗ್ರಾಣಗಳೆದ್ದಿವೆ. ಸಂಜೆ ಬೇಡಿದ ಸೀಸೆ ಮರುದಿನವೇ ಬಾಗಿಲಿಗೆ ಬಂದು ನಿಲ್ಲುತ್ತದೆ.

ಅವರ ಬೀರುವಿನ ಒಂದು ಅರೆ ಪೂರ್ತಿ ಈ ಸೀಸೆಗಳದೇ. ಅಶ್ವಗಂಧ, ನೆಲ್ಲಿಕಾಯಿಯ ಸಾರ, ನುಗ್ಗೆಸೊಪ್ಪಿನ ಪುಡಿ ತುಂಬಿದ ಕ್ಯಾಪ್ಸೂಲು, ಮೂರು ಬಗೆಯ ಮಲ್ಟಿವಿಟಮಿನ್ನು.

"ನೋಡೋ, ಹಿತ್ತಲಲ್ಲಿ ನುಗ್ಗೆಯ ಮರ ಚಿಗುರಿ ನಿಂತಿದೆ. ಇವರು ಅದನ್ನೇ ಸೀಸೆಯಲ್ಲಿ ತರಿಸುತ್ತಾರೆ!" ಎಂದಳು ಅಕ್ಕ.

"ನಿನಗೇನು ಗೊತ್ತು? 900 ರೂಪಾಯಿಯದು 300ಕ್ಕೆ ಬಂತು. 600 ರೂಪಾಯಿ ಉಳಿಯಿತೋ ಇಲ್ಲವೋ, ನೀನೇ ಹೇಳಯ್ಯ" ಎಂದು ಭಾವನವರು ನನ್ನ ಕಡೆ ತಿರುಗಿದರು.

ನನ್ನ ತಕರಾರು ಇರುವುದು ಆ 900ರ ಬಗ್ಗೆಯೇ. ಅದನ್ನು ನಿಶ್ಚಯಿಸಿದವರು ಯಾರು? ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿದವಕ್ಕೆ 2013ರ ಬೆಲೆ ನಿಯಂತ್ರಣಾಜ್ಞೆಯಂತೆ ಸರಕಾರ ಗರಿಷ್ಠ ದರವನ್ನು ಗೊತ್ತುಮಾಡುತ್ತದೆ. ಪೂರಕಗಳೆಂದು ಮಾರುವ ಈ ಸೀಸೆಗಳಾದರೋ ಕಾನೂನಿನ ಕಣ್ಣಿನಲ್ಲಿ ಆಹಾರ. ಆ ಆಜ್ಞೆ ಇವಕ್ಕೆ ತಗುಲದು. ತಯಾರಿಸಿದವರೇ ಬೆಲೆ ಅಚ್ಚುಹಾಕುತ್ತಾರೆ; ಆಮೇಲೆ ಮಾರುವವರು ಅದರಲ್ಲಿ ಕಳೆದು ಕೊಡುತ್ತಾರೆ. ಗಜಕಡ್ಡಿಯೂ ಅವರದೇ, ಬಟ್ಟೆಯೂ ಅವರದೇ! ಜೀವಮಾನವೆಲ್ಲ ರಸೀತಿಯಿಲ್ಲದ ಬಾಬತ್ತನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದ ಭಾವನವರು ಈ ಒಂದು ಅಂಕಿಗೆ ಮಾತ್ರ ಆಧಾರ ಕೇಳಲಿಲ್ಲವೆಂಬುದು ನನಗೆ ಇಂದಿಗೂ ಆಶ್ಚರ್ಯ. ಅದೇ ಸೀಸೆಗಳ ಮೇಲೆ, ಇದನ್ನು ಔಷಧವಾಗಿ ಬಳಸತಕ್ಕದ್ದಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. 2016ರ ನಿಯಮಗಳಂತೆ ಹಾಗೆ ಬರೆಯಲೇಬೇಕು. ಅದನ್ನು ಓದಲು ಮಾತ್ರ ಭೂತಗನ್ನಡಿ ಬೇಕು.

ಗಿಡಮೂಲಿಕೆಯ ಮೇಲೆ ನನಗೆ ಹಗೆಯಿಲ್ಲ. ನಮ್ಮ ಬಾಲ್ಯದಲ್ಲಿ ಗ್ರಂಧಿಗೆ ಅಂಗಡಿಯ ಶೆಟ್ಟರು ಅತಿಮಧುರವನ್ನು ತೂಗುವ ಮುನ್ನ "ಯಾರಿಗೆ? ಏನು ತೊಂದರೆ?" ಎಂದು ಕೇಳುತ್ತಿದ್ದರು. ಆ ಬೇರನ್ನು ಬಹಳ ದಿನ ಸೇವಿಸಿದರೆ ರಕ್ತದೊತ್ತಡ ಏರುವುದುಂಟು. ಕೇಳಿ ಕೊಡುವ ಬಾಯಿಯೊಂದು ಅಂಗಡಿಯಲ್ಲಿತ್ತು. ಮೊಬೈಲಿನ ಅಂಗಡಿ ಕೇಳುವುದು ವಿಳಾಸವನ್ನು ಮಾತ್ರ.

ಒಂದು ಸಂಜೆ ಅಕ್ಕ ನಡುಮನೆಯ ನೆಲದ ಮೇಲೆ ಕೆಂಪು ಕಲೆಗಳನ್ನು ಕಂಡಳು. ಹಜಾರದಿಂದ ಅಡುಗೆಮನೆಯವರೆಗೂ ಹೆಜ್ಜೆಹೆಜ್ಜೆಗೆ ರಕ್ತ. ಭಾವನವರು ಕುರ್ಚಿಯಲ್ಲಿ ಕುಳಿತು ನಿಶ್ಚಿಂತೆಯಿಂದ ಪತ್ರಿಕೆ ಓದುತ್ತಿದ್ದರು. ಅವರ ಎಡಗಾಲಿನಲ್ಲಿ ಗಾಜಿನ ಚೂರೊಂದು ನೆಟ್ಟಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ!

ಆ ರಾತ್ರಿಯೇ ಹೊಸಕೋಟೆಗೆ ಕರೆದೊಯ್ದೆವು. ಗಾಯವನ್ನು ತೊಳೆದು ಕಟ್ಟಿದ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ವಿಟಮಿನ್ ಬಿ12 ತೀರ ಕೆಳಗಿಳಿದಿತ್ತು. ಮೆಟ್‌ಫಾರ್ಮಿನ್ನನ್ನು ಬಹುಕಾಲ ಸೇವಿಸಿದ ಕೆಲವರಲ್ಲಿ ಆಹಾರದಲ್ಲಿನ ಬಿ12 ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಹಾಗೆಂದು ಆ ಗುಳಿಗೆಯನ್ನು ಬಿಡಬೇಕಾಗಿಲ್ಲ. ಆಗಾಗ ರಕ್ತ ಪರೀಕ್ಷಿಸಿ ಕೊರತೆಯನ್ನು ತುಂಬಿದರಾಯಿತು.

"ಮೂರು ಬಗೆಯ ವಿಟಮಿನ್ನು ನುಂಗುತ್ತಿದ್ದೇನಲ್ಲ, ಡಾಕ್ಟರೆ!" ಎಂದರು ಭಾವನವರು.

ವೈದ್ಯರು ಸೀಸೆಗಳನ್ನು ತರಿಸಿ ನೋಡಿದರು. ಆರೋಗ್ಯವಂತರಿಗೆ ದಿನವೊಂದಕ್ಕೆ ಬೇಕಾದ ಬಿ12 ಸುಮಾರು 2 ಮೈಕ್ರೋಗ್ರಾಂ. ಭಾವನವರ ಸೀಸೆಗಳಲ್ಲಿದ್ದುದು ಅಷ್ಟರದೇ ಲೆಕ್ಕ. ಅವರ ಕೊರತೆಗಾದರೋ ಅದರ ನೂರಾರು ಪಾಲು ಬೇಕಿತ್ತು. ನುಗ್ಗೆಯಲ್ಲಿ, ನೆಲ್ಲಿಯಲ್ಲಿ, ನಮ್ಮ ಸೀಮೆಯ ರಾಗಿಯಲ್ಲಿ ಬೇರೆ ಸತ್ತ್ವಗಳಿವೆ, ಬಿ12 ಇಲ್ಲ. ಸಸ್ಯಾಹಾರಿಗೆ ಅದು ದೊರೆಯುವುದು ಹಾಲು ಮೊಸರಿನಿಂದ. ಭಾವನವರು ಮೊಸರು ಶೀತವೆಂದು ಬಿಟ್ಟು ಎಷ್ಟೋ ಕಾಲವಾಗಿತ್ತು! ಇನ್ನೊಂದು ಮಾತನ್ನೂ ವೈದ್ಯರು ಹೇಳಿದರು: ಮೂರು ಸೀಸೆಯಲ್ಲೂ ಬಿ6 ಇದೆ, ಅದು ಬಹುಕಾಲ ಅತಿಯಾದರೆ ಅದೂ ನರಗಳಿಗೆ ಕೇಡು, ಅದರಿಂದಲೂ ಪಾದ ಜೋಮು ಹಿಡಿಯುತ್ತದೆ. 1912ರಲ್ಲಿ ಕಸಿಮಿರ್ ಫುಂಕ್ ಎಂಬ ವಿಜ್ಞಾನಿ ಈ ವಸ್ತುಗಳಿಗೆ ಹೆಸರಿಡುವಾಗ ಜೀವವೆಂಬ ಅರ್ಥದ 'ವೀಟಾ' ಎಂಬ ಲ್ಯಾಟಿನ್ ಮಾತನ್ನು ಸೇರಿಸಿದ. ಜೀವದ ಹೆಸರನ್ನು ಹೊತ್ತದ್ದು ಹೆಚ್ಚಿದಷ್ಟೂ ಒಳ್ಳೆಯದೇ ಎಂದು ಜನ ನಂಬಿದರೆ ಅದರಲ್ಲಿ ಸೋಜಿಗವೇನು?

ಮೊದಲು ಚುಚ್ಚುಮದ್ದು, ಆಮೇಲೆ ಗುಳಿಗೆ. ಗುಳಿಗೆಯನ್ನು ನಾನೇ ಜನೌಷಧಿ ಕೇಂದ್ರದಿಂದ ತಂದುಕೊಟ್ಟೆ. 2008ರಲ್ಲಿ ಆರಂಭವಾದ ಈ ಯೋಜನೆಯ ಅಂಗಡಿಗಳಲ್ಲಿ ಅನೇಕ ಔಷಧಗಳು ಹೆಸರುವಾಸಿ ಕಂಪನಿಗಳ ಬೆಲೆಯ ಅರ್ಧಕ್ಕೂ ಕಡಿಮೆಗೆ ದೊರೆಯುತ್ತವೆ. ಅಲ್ಲಿ ಉಚಿತ ಸೀಸೆಯ ಆಮಿಷವಿಲ್ಲ. ಕಂಪನಿಯ ಹೆಸರಿಗೆ ತೆರಬೇಕಾದ ದುಡ್ಡು ಉಳಿಯುತ್ತದೆ, ಅಷ್ಟೆ. ಭಾವನವರು ಚೀಟಿಯನ್ನು ಎರಡು ಬಾರಿ ಕೂಡಿ ನೋಡಿ, "ಇದೇನಯ್ಯ, ಇಷ್ಟೇನೆ?" ಎಂದರು.

ಗಾಯ ಮಾಯಲು ಏಳು ವಾರ ಹಿಡಿಯಿತು. ಈಗ ದಿನವೂ ಬೆಳಗ್ಗೆ ಅಕ್ಕ ಟಾರ್ಚು ಹಿಡಿದು ಅವರ ಎರಡು ಅಂಗಾಲನ್ನೂ ನೋಡುತ್ತಾಳೆ, ಬೆರಳಿನ ಸಂದುಗಳನ್ನೂ ಬಿಡುವುದಿಲ್ಲ. ಬಲಗಾಲಿಗೆ ನೆಲದ ತಂಪು ತಿಳಿಯತೊಡಗಿದೆಯಂತೆ. ಎಡಗಾಲಿನ ಹೆಬ್ಬೆರಳಿಗೆ ಇನ್ನೂ ತಿಳಿದಿಲ್ಲ.